ಭುಜಕ್ಕೆ ಕಟ್ಟಿದ ಮಿಂಚುಳ್ಳಿ

ನಿವೃತ್ತನಾದ ಮೇಲೆ ಮನುಷ್ಯನ ಬದುಕಿನಲ್ಲಿ ಹೇಳಿಕೊಳ್ಳುವಂಥದ್ದು ಏನೂ ನಡೆಯುವುದಿಲ್ಲ ಎಂದು ಯಾರು ಹೇಳಿದರೋ ಗೊತ್ತಿಲ್ಲ. ನನಗೆ ಎಲ್ಲ ನಡೆಯಲು ಶುರುವಾದದ್ದೇ ಆಮೇಲೆ. ಮೂವತ್ತೆರಡು ವರ್ಷ ಹೈಸ್ಕೂಲುಗಳಲ್ಲಿ ಪಿ.ಟಿ. ಮಾಸ್ಟ್ರಾಗಿ ಸೀಟಿ ಊದಿದೆ; ಆಗೆಲ್ಲ ನಗುವುದು ಮಕ್ಕಳ ಕೆಲಸ, ಗದರಿಸುವುದು ನನ್ನ ಕೆಲಸವಾಗಿತ್ತು. ಈಗ ಬೆಳುವಾಯಿಯ ಮನೆಯಲ್ಲಿ ಕೂತ ಮೇಲೆ ಲೆಕ್ಕ ತಿರುಗಿದೆ. ಗದರಿಸುವುದು ಬೇರೆಯವರು, ನಗುವವನು ನಾನು.

ಇದಕ್ಕೆಲ್ಲ ಕಾರಣ ಒಬ್ಬಳು ಹುಡುಗಿ. ಊರು ಕನ್ಯಾನ. ನನ್ನ ಕೊನೆಯ ಶಾಲೆ ಆ ಕಡೆಯೇ ಇತ್ತು. ಎಂಟನೇ ಕ್ಲಾಸಿನಲ್ಲಿರುವಾಗ ಮಾವಿನಕಾಯಿಗೆಂದು ಅವಳು ಎಸೆದ ಕಲ್ಲು ಮರವನ್ನೂ ದಾಟಿ, ಅಂಗಳವನ್ನೂ ದಾಟಿ ಹೆಡ್‌ಮಾಸ್ಟ್ರ ಕೋಣೆಯ ಹಂಚು ಒಡೆಯಿತು. ಹೆಡ್‌ಮಾಸ್ಟ್ರು ಹಂಚು ನೋಡಿದರು. ನಾನು ದೂರ ನೋಡಿದೆ. ಮರುದಿನವೇ ಅವಳ ಕೈಗೆ ಜಾವೆಲಿನ್ ಕೊಟ್ಟೆ. ಅಪ್ಪ ಗಲ್ಫ್‌ನಲ್ಲಿ, ಉಮ್ಮ ಊರಲ್ಲಿ. "ಮಾಸ್ಟ್ರೇ, ನೀವು ಉಂಟಲ್ಲ, ಇನ್ನು ನನಗೆ ಹೆದರಿಕೆ ಇಲ್ಲ" ಎಂದು ಆ ತಾಯಿ ಮಗಳನ್ನು ಮೈದಾನಕ್ಕೆ ಕಳಿಸಿದರು. ಜಾವೆಲಿನ್ ಅವಳನ್ನು ಮೂಡುಬಿದಿರೆಯ ಕಾಲೇಜಿಗೆ, ಹಾಸ್ಟೆಲಿಗೆ ತಂದಿತು. ಅಲ್ಲಿ ಕೊನೆಯ ವರ್ಷಕ್ಕೆ ಬಂದಾಗ ಭುಜ ಕೈಕೊಟ್ಟಿತು. ಜಾವೆಲಿನ್ ಬಿಡಿ, ತಲೆ ಬಾಚಲಿಕ್ಕೆ ಕೈ ಎತ್ತಿದರೂ ನೋವು. ಯೂನಿವರ್ಸಿಟಿ ತಂಡಕ್ಕೆ ಆರಿಸುವ ಟ್ರಯಲ್‌ಗೆ ಮೂರೇ ತಿಂಗಳು. ಅವಳಿಗೆ ಅದು ಕೊನೆಯ ಅವಕಾಶ.

ಉಜಿರೆಯಲ್ಲಿ ಒಬ್ಬರು ಫಿಸಿಯೋಥೆರಪಿ ಮೇಡಂ ಇದ್ದಾರೆ, ಆಟಗಾರರ ಭುಜಕ್ಕೆ ಮೊಬೈಲ್ ಗೇಮ್ ಆಡಿಸಿ ವಾಸಿ ಮಾಡುತ್ತಾರೆ ಎಂದು ಯಾರೋ ಹೇಳಿದರು. "ಮೊಬೈಲ್ ಆಡಿ ಕಣ್ಣು ಹಾಳಾದದ್ದು ಕೇಳಿದ್ದೇನೆ, ಭುಜ ಸರಿಯಾದದ್ದು ಕೇಳಿಲ್ಲ" ಎಂದೆ. ಆದರೂ ಹುಡುಗಿಯನ್ನು ಕರೆದುಕೊಂಡು ಬಸ್ ಹತ್ತಿದೆ. ಯಾಕೆ ಹತ್ತಿದೆ ಎನ್ನುವುದರಲ್ಲೇ ಮೊದಲ ಪ್ರಸಂಗ ಉಂಟು.

ಟಿ.ವಿ. ನೋಡಿ ಕಲಿತದ್ದು

ಮೇಡಂ ಧಾರವಾಡದ ಕಡೆಯವರು. ನಾವು ಕರಾವಳಿಯವರು ಒಂದು ವಾಕ್ಯ ಮುಗಿಸುವುದರೊಳಗೆ ಅವರು ನಾಲ್ಕು ಮುಗಿಸುತ್ತಾರೆ. ಹುಡುಗಿಯ ಭುಜ ಒತ್ತಿ, ತಿರುಗಿಸಿ, ಎತ್ತಿ ನೋಡಿದರು. ಮುಖ ಕೆಂಪಾಯಿತು.

"ಇದು ನಿನ್ನೆ ಮೊನ್ನೆ ಆದದ್ದಲ್ಲವಾ. ವರ್ಷಗಟ್ಲೆ ನೋವಿನ ಮ್ಯಾಲೇ ಎಸದೀಯಲ್ಲ, ಯಾರು ಕಲಿಸಿದ್ರು ನಿನಗ ಹಿಂಗ?"

ನಾನು ಗೋಡೆಯ ಮೇಲಿದ್ದ ಅಸ್ಥಿಪಂಜರದ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ. ಏಕೆಂದರೆ, "ನೋವಾದರೆ ಒಳ್ಳೆಯದು, ಭುಜ ಎಚ್ಚರವಾಗ್ತಾ ಉಂಟು ಅಂತ ಅರ್ಥ. ಇನ್ನು ಹತ್ತು ಎಸೆ" ಎಂದು ಆ ಮಗುವಿಗೆ ಹೇಳಿಕೊಟ್ಟ ಮಹಾನುಭಾವ ನಾನೇ. ನಮಗೆ ನಮ್ಮ ಮಾಸ್ಟ್ರು ಹೇಳಿದ್ದು ಅದು, ನಾನು ದಾಟಿಸಿದೆ.

"ಹೇಳವಾ, ಯಾರು? ಆ ಪುಣ್ಯಾತ್ಮ ಒಂದ್ಸಲ ನನ್ನ ಕೈಗೆ ಸಿಗಬೇಕು!"

ಹುಡುಗಿ ನನ್ನ ಕಡೆ ನೋಡಲಿಲ್ಲ. "ಯಾರೂ ಇಲ್ಲ ಮೇಡಂ. ಟಿ.ವಿ. ನೋಡಿ ಕಲಿತದ್ದು" ಎಂದಳು.

"ಹಂಗಾರ ಆ ಟಿ.ವಿ. ಒಡೀರಿ ಮೊದಲು" ಎಂದರು ಮೇಡಂ. ಆಮೇಲೆ ನನ್ನ ಕಡೆ ತಿರುಗಿ, "ನೀವು ಯಾರ್ರೀ ಸರ, ಈಕೀ ಅಜ್ಜನೋ?" ಎಂದು ಕೇಳಿದರು.

ಎಲುಬಿನ ಚಿತ್ರದಿಂದ ಕಣ್ಣು ತೆಗೆಯದೆ ಹೇಳಿದೆ: "ಹೌದು ಮೇಡಂ. ಮನೆಯಲ್ಲಿ ಟಿ.ವಿ. ಇಟ್ಟವ ನಾನೇ."

ನೇತ್ರಾವತಿ ಮತ್ತು ಬಚ್ಚಲು

ಗೇಮ್ ಇಷ್ಟೇ. ಮೊಬೈಲನ್ನು ತೋಳಿಗೆ ಕಟ್ಟುವುದು. ಅದರಲ್ಲಿ ಒಂದು ಹೊಳೆ, ಹೊಳೆಯ ಮೇಲೊಂದು ಮಿಂಚುಳ್ಳಿ. ಕೈ ಎತ್ತಿದರೆ ಹಕ್ಕಿ ಏರುತ್ತದೆ, ಇಳಿಸಿದರೆ ಇಳಿಯುತ್ತದೆ. ಮೀನು ಸಿಕ್ಕಿದರೆ "ಟಿಣ್" ಅನ್ನುತ್ತದೆ. ಕೈ ಜರ್ಕ್ ಹೊಡೆದರೆ ಹಕ್ಕಿ "ಬುಳುಂಕ್" ಎಂದು ನೀರಿಗೆ ಬಿದ್ದು ಆಟ ಮುಗಿಯುತ್ತದೆ. ಮಿಂಚುಳ್ಳಿಗೆ ನೀರಿಗೆ ಬಿದ್ದರೆ ಕಷ್ಟ ಏನು, ಅದರ ಕಸುಬೇ ಅದಲ್ಲವೇ ಎಂದು ನಾನೂ ಕೇಳಿದೆ. "ಆಟದಾಗ ಹಂಗ ಅದ ರೀ ಸರ, ಸುಮ್ಮನ ಕೂಡ್ರಿ" ಎಂದರು ಮೇಡಂ.

ನಮ್ಮ ಹುಡುಗಿಗೆ ಎತ್ತುವುದು ನೋವಾದರೂ ಆಗುತ್ತಿತ್ತು, ನಿಧಾನಕ್ಕೆ ಇಳಿಸುವುದು ಆಗುತ್ತಿರಲಿಲ್ಲ. ಬುಳುಂಕ್. ಬುಳುಂಕ್. "ನನ್ನ ಕೈ ಇರುವುದು ಎಸೆಯಲಿಕ್ಕೆ ಸರ್, ತೊಟ್ಟಿಲು ತೂಗಲಿಕ್ಕಲ್ಲ" ಎಂದು ಅವಳ ಕಣ್ಣಲ್ಲಿ ನೀರು. ಮೇಡಂ ಹೇಳಿದರು: "ಎಸಿಯೂದು ಎಂಜಿನ್ನವಾ, ಎಸದ ಮ್ಯಾಲೆ ಕೈ ತಡಿಯೂದು ಬ್ರೇಕು. ನಿನ್ನ ಗಾಡ್ಯಾಗ ಬರೇ ಎಂಜಿನ್ ಅದ." ಮೂವತ್ತೆರಡು ವರ್ಷದಲ್ಲಿ ನಾನು ಒಬ್ಬರಿಗೂ ಬ್ರೇಕು ಕಲಿಸಿರಲಿಲ್ಲ ಎನ್ನುವುದು ನನಗೆ ಆಗ ಗೊತ್ತಾದದ್ದು.

ಅದೇ ದಿನ ಹೊರಡುವಾಗ ಮೊಳೆಗೆ ಸಿಕ್ಕಿಸಿದ್ದ ಕೊಡೆ ತೆಗೆಯಲು ನಾನು ಎಡಗೈ ಎತ್ತಿದ್ದನ್ನು ಮೇಡಂ ನೋಡಿಬಿಟ್ಟರು. "ಬಲಗೈಗೆ ಏನಾಗ್ಯದ?"

"ಏನಿಲ್ಲ ಮೇಡಂ. ಎರಡು ವರ್ಷದಿಂದ ಭುಜಕ್ಕಿಂತ ಮೇಲೆ ಹೋಗುವುದಿಲ್ಲ, ಅಷ್ಟೆ."

"ಅಷ್ಟss? ಕೂಡ್ರಿ ಇಲ್ಲಿ!"

ಹೀಗೆ ನಾನೂ ರೋಗಿಯಾದೆ. ಕ್ಲಿನಿಕ್ಕಿನ ಪಟ್ಟಿ ನನ್ನ ತೋಳಿಗೆ ಸಾಲಲಿಲ್ಲ. ಹೆಗಲ ಮೇಲಿದ್ದ ನನ್ನ ಕೆಂಪು ಟವೆಲು, ನಮ್ಮ ಕಡೆಯ ಬೈರಾಸು, ಅದರಿಂದಲೇ ಮೊಬೈಲನ್ನು ಬಿಗಿದು ಕಟ್ಟಿದರು. ಆ ಬೈರಾಸನ್ನು ನೆನಪಿಟ್ಟುಕೊಳ್ಳಿ, ಮುಂದೆ ಅದು ಒಂದು ದೊಡ್ಡ ಕೆಲಸ ಮಾಡಲಿಕ್ಕುಂಟು.

ಮೊದಲ ಆಟದಲ್ಲೇ ನಾನು ನಲ್ವತ್ತೊಂದು ಮೀನು ಹಿಡಿದೆ. ಅವಳು ಏಳು. ಬೆಳ್ತಂಗಡಿ ಬರುವವರೆಗೆ ಬಸ್ಸಿನಲ್ಲಿ ಇದೇ ಮಾತು. "ನಿಧಾನ ಎನ್ನುವುದು ವಯಸ್ಸಿನ ಮೇಲೆ ಬರುವಂಥದ್ದು, ಗಡಿಬಿಡಿಯವರಿಗೆ ಸಿಕ್ಕುವುದಿಲ್ಲ" ಎಂದು ಎದುರಿನ ಸೀಟಿನವರಿಗೂ ಕೇಳುವಂತೆ ಹೇಳಿದೆ. ಅವಳು ಒಂದು ವಾರ ತಾಳಿದಳು. ಮುಂದಿನ ವಾರ ಮೇಡಂ ಹತ್ತಿರ ಏನೋ ಕೇಳಿ ತಿಳಿದುಕೊಂಡು ಬಂದಳು.

"ಸರ್, ಯಾರ ಕೈ ಎಷ್ಟು ಏಳ್ತದೋ ಅಷ್ಟೇ ದೊಡ್ಡ ಹೊಳೆ ಅಂತೆ ಈ ಆಟದಲ್ಲಿ."

"ಅಂದರೆ?"

"ನನ್ನದು ನೇತ್ರಾವತಿ. ನಿಮ್ಮದು ಬಚ್ಚಲು."

ಓವರ್‌ಆರ್ಮ್

ಇದು ಚಿಕ್ಕದು. ಕ್ಲಿನಿಕ್ಕಿಗೆ ಬಂಟ್ವಾಳದ ಕಡೆಯಿಂದ ಒಬ್ಬ ಕ್ರಿಕೆಟ್ ಆಟಗಾರ ಬರುತ್ತಿದ್ದ. ಅವನ ಊರಿನಲ್ಲಿ ಅವನ ಬೌಲಿಂಗ್ ಎಂದರೆ ಮೈಕಿನಲ್ಲಿ ಕೂಗಿ ಹೇಳುವಂಥದ್ದು. ಮೇಡಂ ಅವನ ಕೈಯಿಂದ ಮೂರು ವಾರ ಹಕ್ಕಿಯನ್ನು ತಲೆಯ ಮೇಲಿನವರೆಗೆ ಏರಿಸಿ ಇಳಿಸಿದರು. ನಾಲ್ಕನೇ ವಾರ, "ಹಾಂ, ಈಗ ಬಾಲ್ ಹಾಕಿ ತೋರಸ್ರಿ" ಎಂದರು. ಅವನು ಎರಡು ಹೆಜ್ಜೆ ಓಡಿ, ಸೊಂಟ ಬಗ್ಗಿಸಿ, ನೆಲ ಸವರಿದ ಹಾಗೆ ಕೆಳಗಿನಿಂದ ಚೆಂಡು ಬಿಟ್ಟ. ಅಂಡರ್‌ಆರ್ಮ್! ನಮ್ಮ ಕರಾವಳಿಯಲ್ಲಿ ಗದ್ದೆ ಗದ್ದೆಗೆ ಅದರ ಟೂರ್ನಮೆಂಟ್. ಧಾರವಾಡದವರಿಗೆ ಪಾಪ ಹೇಗೆ ಗೊತ್ತಾಗಬೇಕು?

"ಕೈ ಮ್ಯಾಲೆ ಎತ್ತೂದೇ ಇಲ್ಲಲ್ರೀ ನೀವು! ಮೊದಲ ಯಾಕ ಹೇಳಲಿಲ್ಲ?"

"ನೀವು ಬೌಲರಾ ಅಂತ ಕೇಳಿದ್ರಿ ಮೇಡಂ, ಹೌದು ಅಂದೆ. ಹೇಗೆ ಹಾಕ್ತೀರಿ ಅಂತ ಕೇಳ್ಲಿಲ್ಲ."

ಆದರೆ ಮಾಡಿದ್ದು ವ್ಯರ್ಥವಾಗಲಿಲ್ಲ. ಅವನೇ ಮೇಡಂಗೆ ಫೋನ್ ಮಾಡಿ ಉಪಕಾರ ಸ್ಮರಿಸಿದ. ಬೌಲಿಂಗ್ ಮೊದಲಿನ ಹಾಗೇ ಉಂಟಂತೆ; ಆದರೆ ಈಗ ಬೌಂಡರಿಯಿಂದ ಎಸೆದ ಚೆಂಡು ವಿಕೆಟ್ ಕೀಪರನ ತಲೆ ಮೇಲಿಂದ ಹೋಗಿ ಆಚೆ ಬದಿಯ ಬೌಂಡರಿಗೆ ಬೀಳುತ್ತದಂತೆ.

ಎಕ್ಸ್‌ಪ್ರೆಸ್ ಬಸ್ ನಿಲ್ಲಿಸಿದ್ದು

ಮನೆಯಲ್ಲೂ ದಿನಾ ಆಡಬೇಕು ಎಂದು ಮೇಡಂ ಅಪ್ಪಣೆ. ಕೈಯನ್ನು ಬದಿಯಿಂದ ನಿಧಾನಕ್ಕೆ ಎತ್ತಬೇಕು, ಉದ್ದಕ್ಕೆ ಚಾಚಿ ಹಿಡಿಯಬೇಕು, ನಿಧಾನಕ್ಕೆ ಇಳಿಸಬೇಕು. ಒಳಗೆ ಸೆಕೆ ಎಂದು ನಾನು ಗೇಟಿನ ಹೊರಗೆ ಗಾಳಿಗೆ ನಿಂತೆ. ನಮ್ಮ ಗೇಟಿನ ಮುಂದೆಯೇ ಕಾರ್ಕಳ–ಮೂಡುಬಿದಿರೆ ರಸ್ತೆ.

ಮಿಂಚುಳ್ಳಿ ಏರಿತು. ಟಿಣ್. ಕೈ ಉದ್ದಕ್ಕೆ ಚಾಚಿದೆ. ಆಗ ಕಿರ್ರ್ ಎಂದು ನನ್ನ ಕಾಲ ಬುಡದಲ್ಲೇ ಬಸ್ ನಿಂತಿತು. ಅದು ಎಕ್ಸ್‌ಪ್ರೆಸ್. ಇಪ್ಪತ್ತು ವರ್ಷ ನಾವು ಊರವರು ಮನವಿ ಕೊಟ್ಟರೂ ಇಲ್ಲಿ ನಿಲ್ಲದ ಬಸ್.

"ಬೇಗ ಹತ್ತಿ ಅಜ್ಜ, ಎಲ್ಲಿಗೆ?" ಎಂದ ಕಂಡಕ್ಟರ್.

"ಎಲ್ಲಿಗೂ ಇಲ್ಲ ಮಾರಾಯ, ನಾನು ಮೀನು ಹಿಡಿಯುತ್ತಾ ಇದ್ದೇನೆ."

ಅವನು ರಸ್ತೆ ನೋಡಿದ, ಡಾಮರು ನೋಡಿದ, ನನ್ನನ್ನು ನೋಡಿದ, ಸೀಟಿ ಊದಿದ. ಮರುದಿನ ಅದೇ ಹೊತ್ತಿಗೆ ಅದೇ ಬಸ್ ಪುನಃ ನಿಂತಿತು. ಕೈ ಇಳಿಸಬೇಕೆಂದರೆ ಗಬಕ್ಕನೆ ಇಳಿಸುವಂತಿಲ್ಲ, ಹಕ್ಕಿ ಬೀಳುತ್ತದಲ್ಲ! ಮೂರನೇ ದಿನ ಅವನು ಇಳಿದೇ ಬಂದ. ದೊಡ್ಡ ಮನಸ್ಸಿನವನು, ನನ್ನ ಹೆಗಲಿಗೆ ಕೈಹಾಕಿ ಮೆಲ್ಲನೆ ಕೇಳಿದ: "ಅಜ್ಜ, ಮನೆಯವರ ನಂಬರ್ ಉಂಟಾ?"

ನಾನು ಭುಜ, ಗೇಮ್, ಮೇಡಂ, ಜಾವೆಲಿನ್ ಹುಡುಗಿ ಎಲ್ಲ ಬಿಡಿಸಿ ಹೇಳಿದೆ. ಬಸ್ಸಿನಲ್ಲಿದ್ದವರೆಲ್ಲ ಕಿಟಕಿಯಿಂದ ತಲೆ ಹಾಕಿ ಕೇಳಿದರು. ಅಂದಿನಿಂದ ಆ ಬಸ್ಸಿಗೂ ನನಗೂ ಸ್ನೇಹ. ದೂರದಿಂದಲೇ ನನ್ನನ್ನು ಕಂಡು ಕಂಡಕ್ಟರ್ ಬಾಗಿಲಲ್ಲಿ ನಿಂತು ತನ್ನ ಕೈಯನ್ನೂ ನಿಧಾನಕ್ಕೆ ಎತ್ತಿ, ನಿಧಾನಕ್ಕೆ ಇಳಿಸಿ, ನಕ್ಕು ಹೋಗುತ್ತಾನೆ.

ಒಂದೇ ಕಷ್ಟ. ನಾನು ನಿಜವಾಗಿ ಮೂಡುಬಿದಿರೆಗೆ ಹೋಗಲಿಕ್ಕೆ ಕೈ ತೋರಿಸಿದ ದಿನವೂ ಹಾಗೇ ಹೋಗುತ್ತಾನೆ.

ಹತ್ತೂವರೆಯ ಪ್ರತಿಭೆ

ನಾವು ಮನೆಯಲ್ಲಿ ಆಡಿದ್ದೆಲ್ಲ ತನ್ನಿಂದ ತಾನೇ ಮೇಡಂ ಕಂಪ್ಯೂಟರಿಗೆ ಹೋಗುತ್ತದೆ. ಎರಡನೇ ತಿಂಗಳಲ್ಲಿ ಒಂದು ದಿನ ಅವರ ಫೋನ್ ಬಂತು.

"ಸರ, ದಿನಾ ಮುಂಜಾನೆ ಹತ್ತೂವರಿಗೆ ಆಡೂದು ಯಾರು?"

"ನಾನೇ ಮೇಡಂ" ಎಂದೆ, ಗಂಟೆ ಸರಿಯಾಗಿ ಕೇಳಿಸಿಕೊಳ್ಳದೆ.

"ನೀವಲ್ಲ ಬಿಡ್ರಿ. ನಿಮ್ಮದು ಏಳು ಗಂಟೇದು, ನನಗ ಗೊತ್ತದ. ಈ ಹತ್ತೂವರಿ ಭುಜ ತಲೀಮಟ ಹೋಗಿ ಹೂವಿನಂಗ ಇಳೀತದ. ಇದು ಎಸೆಯೋರ ಭುಜ. ನಿಮ್ಮ ಮನ್ಯಾಗ ಇನ್ನೊಬ್ರು ಅಥ್ಲೀಟ್ ಇದ್ದಾರೇನು?"

ಹತ್ತೂವರೆಗೆ ನಾನು ಪೇಪರ್ ಓದಲು ಪಂಚಾಯತ್ ಲೈಬ್ರರಿಗೆ ಹೋಗುತ್ತೇನೆ. ಮೊಬೈಲು ಮನೆಯಲ್ಲೇ ಚಾರ್ಜಿಗೆ. ಮರುದಿನ ಅರ್ಧ ದಾರಿಯಿಂದ ತಿರುಗಿ ಬಂದು ಅಡಿಗೆ ಕೋಣೆಗೆ ಇಣುಕಿದೆ. ನನ್ನ ಹೆಂಡತಿ! ತೋಳಿಗೆ ನನ್ನ ಕೆಂಪು ಬೈರಾಸು, ಅದರೊಳಗೆ ಮೊಬೈಲು. ಒಲೆಯ ಮೇಲೆ ಸಾರು ಕುದಿಯುತ್ತಿದೆ. ಇವಳು ಕಿಟಕಿಯ ಹೊರಗೆ ನೋಡುತ್ತಾ ಕೈ ಏರಿಸುತ್ತಿದ್ದಾಳೆ, ಇಳಿಸುತ್ತಿದ್ದಾಳೆ. ಟಿಣ್, ಟಿಣ್, ಟಿಣ್. ಒಂದು ಬುಳುಂಕ್ ಇಲ್ಲ.

ಸಿಕ್ಕಿಬಿದ್ದೆನೆಂಬ ನಾಚಿಕೆಯೂ ಇಲ್ಲ. "ಇಷ್ಟಕ್ಕೆ ನೀವು ಎರಡು ಬಸ್ ಬದಲಿಸಿ ಉಜಿರೆಗೆ ಹೋಗುವುದಾ?" ಎಂದಳು.

"ಇಷ್ಟು ಒಳ್ಳೆಯ ಭುಜ ನಿನಗೆ ಎಲ್ಲಿಂದ ಬಂತು ಮಾರಾಯ್ತಿ?"

ಅವಳು ಕಿಟಕಿಯ ಹೊರಗೆ ಬಾವಿಕಟ್ಟೆಯ ಕಡೆ ಗಲ್ಲ ತಿರುಗಿಸಿ ತೋರಿಸಿದಳು. ನಲ್ವತ್ತು ವರ್ಷದ ರಾಟೆ, ಹಗ್ಗ, ಕೊಡಪಾನ. ಪಂಪು ಬಂದ ಮೇಲೂ ಕುಡಿಯುವ ನೀರು ಸೇದಿಯೇ ಆಗಬೇಕೆಂಬ ಹಟ. ಜಿಲ್ಲೆಯ ಮೂಲೆ ಮೂಲೆಯಲ್ಲಿ ಪ್ರತಿಭೆ ಹುಡುಕಿದ ನಾನು ನಮ್ಮ ಬಾವಿಕಟ್ಟೆಗೆ ಹೋಗಿರಲಿಲ್ಲ.

ವಿಷಯ ತಿಳಿದ ಮೇಡಂ ನನ್ನ ಚೀಟಿಯಲ್ಲಿ ಒಂದು ಸಾಲು ಸೇರಿಸಿದರು: ಬೆಳಿಗ್ಗೆ ನಾಲ್ಕು ಕೊಡಪಾನ, ಸಂಜೆ ನಾಲ್ಕು. ಈಗ ನಮ್ಮ ಮನೆಯ ನೀರು ನಾನೇ ಸೇದುವುದು. ಹೆಂಡತಿ ಕಟ್ಟೆಯಲ್ಲಿ ಕೂತು ಕೋಚಿಂಗ್ ಕೊಡುತ್ತಾಳೆ. "ನೋವಾಗ್ತದೆ" ಎಂದರೆ, "ಒಳ್ಳೆಯದೇ ಅಲ್ವಾ, ಭುಜ ಎಚ್ಚರವಾಗ್ತಾ ಉಂಟು" ಎನ್ನುತ್ತಾಳೆ.

ಕೆಂಪು ನಿಶಾನೆ

ಮೂರು ತಿಂಗಳಾಯಿತು. ಹುಡುಗಿಯ ಹಕ್ಕಿ ಬೀಳುವುದು ನಿಂತಿತು. ಮೊದಲು ಚೆಂಡು, ಆಮೇಲೆ ಹಗುರದ ಜಾವೆಲಿನ್, ಕೊನೆಗೆ ನಿಜವಾದದ್ದು. ಟ್ರಯಲ್ ದಿನ ಹತ್ತಿರ ಬಂದಾಗ ಅವಳು ನನ್ನ ಮುಂದೆ ನಿಂತು ಕೈ ಬೆರಳು ಹಿಸುಕಿಕೊಂಡಳು.

"ಸರ್, ನೀವು ಬರಲೇಬೇಕು. ಆದರೆ..."

"ಆದರೆ ಏನು?"

"ಬೊಬ್ಬೆ ಹೊಡೀಬಾರದು. ನಿಮ್ಮ ಸ್ವರ ಕೇಳಿದರೆ ನನ್ನ ಭುಜ ಕಿವಿಯ ಹತ್ತಿರ ಬರ್ತದೆ."

ಮೇಡಂ ಇದಕ್ಕೂ ಔಷಧ ಕೊಟ್ಟರು: "ಸರ, ಬಾಯಿ ತೆರೀಬೇಕು ಅನಿಸಿದಾಗೆಲ್ಲ ಹಕ್ಕಿ ಹಾರಸ್ರಿ." ಹಾಗಾಗಿ ಮೂಡುಬಿದಿರೆಯ ಮೈದಾನದ ಬೇಲಿಯ ಬದಿಯಲ್ಲಿ, ಬಲದೋಳಿಗೆ ಕೆಂಪು ಬೈರಾಸಿನಲ್ಲಿ ಮೊಬೈಲು ಬಿಗಿದುಕೊಂಡು, ತುಟಿ ಹೊಲಿದವನ ಹಾಗೆ ನಾನು ನಿಂತೆ.

ಆಯ್ಕೆಯವರು ಮೈದಾನದಲ್ಲಿ ಸುಣ್ಣದ ಗೆರೆ ಎಳೆದಿದ್ದರು. ಅದರಾಚೆ ಬಿದ್ದರೆ ತಂಡದಲ್ಲಿ ಜಾಗ, ಈಚೆ ಬಿದ್ದರೆ ಮನೆಗೆ. ಮೂರೇ ಎಸೆತ. ಎಸೆತ ಸರಿಯಾಗಿದ್ದರೆ ಅಂಪೈರ್ ಬಿಳಿ ನಿಶಾನೆ ಎತ್ತುತ್ತಾರೆ, ತಪ್ಪಾದರೆ ಕೆಂಪು.

ಮೊದಲನೆಯದು ಗೆರೆಯ ಈಚೆ ಬಿತ್ತು. ಹೆದರಿಕೆಯ ಎಸೆತ, ಭುಜವನ್ನು ಅವಳಿನ್ನೂ ನಂಬಿರಲಿಲ್ಲ. ನಾನು ಬಾಯಿ ತೆರೆಯಲು ಹೋದೆ, ಹಕ್ಕಿ ಹಾರಿಸಿದೆ. ಎರಡನೆಯದು ದೂರ ಹೋಯಿತು, ಆದರೆ ಕಾಲು ಓಟದ ಕೊನೆಯ ಗೆರೆ ಮೆಟ್ಟಿತು. ಕೆಂಪು. ನಾನು ಹಕ್ಕಿ ಹಾರಿಸಿದೆ, ಹಾರಿಸಿದೆ, ಹಾರಿಸಿದೆ. ಬೇಲಿ ಬದಿಯ ಜನ ಎರಡು ಮಾರು ದೂರ ಸರಿದರು.

ಮೂರನೆಯದಕ್ಕೆ ಅವಳು ಓಡಿ ಬಂದಳು. ಎಂಟನೇ ಕ್ಲಾಸಿನ ಅದೇ ಕಲ್ಲು, ಅದೇ ಮಾವಿನ ಮರ ನನ್ನ ಕಣ್ಣ ಮುಂದೆ ಬಂತು. ಜಾವೆಲಿನ್ ಕೈಯಿಂದ ಹೊರಟಿತು, ಕೈ ಹೂವಿನ ಹಾಗೆ ಕೆಳಗಿಳಿಯಿತು. ಎಂಜಿನ್, ಬ್ರೇಕು, ಎರಡೂ! ಜಾವೆಲಿನ್ ಗೆರೆಯ ಮೇಲಿಂದ ತೇಲಿ ಹೋಗಿ ಆಚೆ ನೆಲಕ್ಕೆ ನಾಟಿತು.

ಬೊಬ್ಬೆ ಹೊಡೆಯಬಾರದೆಂದು ಬಾಯಿ ಗಟ್ಟಿ ಮುಚ್ಚಿದ್ದೆ. ಸಂತೋಷಕ್ಕೆ ಎಲ್ಲಿಂದಾದರೂ ಹೊರಗೆ ಬರಬೇಕಲ್ಲ? ನನ್ನ ಬಲಗೈ ಸೀದಾ ಮೇಲೆ ಹೋಯಿತು. ಹಕ್ಕಿ ಪೂರ್ತಿ ಹೊಳೆ ಗೆದ್ದಾಗ ಮಾತ್ರ ಬರುವ ಚಪ್ಪಾಳೆ ಸದ್ದು ಮೊಬೈಲಿನಿಂದ ಪಟಪಟ ಬಂತು.

ಹುಡುಗಿ ಎದುರು ನೋಡಿದಳು. ಅವಳಿಗೆ ಕಂಡದ್ದು ಬೇಲಿಯ ಬದಿಯಲ್ಲಿ ಎತ್ತಿ ಹಿಡಿದ ಕೆಂಪು. ಪಾಪ, ನಿಂತಲ್ಲೇ ಕುಸಿದು ಕೂತು ಮುಖ ಮುಚ್ಚಿಕೊಂಡಳು. ಅಳತೆ ಟೇಪು ಹಿಡಿದವರೂ ನನ್ನನ್ನು ನೋಡಿ ಟೇಪು ಸುತ್ತತೊಡಗಿದರು. ಅವಳ ಬೆನ್ನ ಹಿಂದೆ ನಿಜವಾದ ಅಂಪೈರ್ ಬಿಳಿ ನಿಶಾನೆ ಎತ್ತಿ, "ಏ, ಸರಿ ಉಂಟು! ಎಸೆತ ಸರಿ ಉಂಟು!" ಎಂದು ಕಿರುಚುತ್ತಾ ನನ್ನ ಕಡೆಗೆ ಓಡಿ ಬಂದರು.

"ಯಾರ್ರೀ ನೀವು? ನಿಮ್ಮನ್ನು ಯಾರು ನೇಮಿಸಿದ್ದು?"

"ಯಾರೂ ಇಲ್ಲ ಸರ್. ನಾನು ರಿಟೈರ್ಡ್."

"ಮೊದಲು ಆ ಕೈ ಇಳಿಸಿ!"

"ಇಳಿಸ್ತೇನೆ ಸರ್, ಒಂದು ನಿಮಿಷ. ನಿಧಾನಕ್ಕೆ ಇಳಿಸಬೇಕು. ಇಲ್ಲದಿದ್ದರೆ ಹಕ್ಕಿ ನೀರಿಗೆ ಬೀಳ್ತದೆ."

ಅಂಪೈರ್, ಆಯ್ಕೆಯವರು, ಟೇಪಿನವರು, ಇಡೀ ಮೈದಾನ ಕಾದು ನಿಂತಿತು. ನಾನು ಇಂಚಿಂಚಾಗಿ ಕೈ ಇಳಿಸಿದೆ. ಅಷ್ಟರಲ್ಲಿ ಹುಡುಗಿ ತಲೆ ಎತ್ತಿ ನೋಡಿದಳು. ಬಿಳಿ ನಿಶಾನೆ ಕಂಡಳು, ಗೆರೆಯಾಚೆ ನಾಟಿದ ಜಾವೆಲಿನ್ ಕಂಡಳು, ಆಮೇಲೆ ನನ್ನನ್ನು ಕಂಡಳು. ಓಡಿ ಬಂದು ಬೇಲಿ ಹಿಡಿದು ನಿಂತಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಗೊತ್ತಾಗಲಿಲ್ಲ.

"ಸರ್, ನಿಮ್ಮ ಕೈ!"

ಆಗಲೇ ನನಗೂ ಹೊಳೆದದ್ದು. ಎರಡು ವರ್ಷದಿಂದ ಕೊಡೆಯ ಮೊಳೆ ಮುಟ್ಟದ ಕೈ ಕಿವಿ ದಾಟಿ ಆಕಾಶಕ್ಕೆ ಹೋಗಿ ಬಂದಿತ್ತು.

ಅಲ್ಲಿಂದಲೇ ಮೇಡಂಗೆ ಫೋನ್ ಮಾಡಿದಳು. "ದಾಟಿತು ಮೇಡಂ!"

"ಶಾಬಾಸ್! ಎಷ್ಟು ದಾಟಿತು?"

"ಯಾವುದು ಮೇಡಂ? ನನ್ನ ಜಾವೆಲಿನಾ, ಸರ್ ಕೈಯಾ?"

ಆ ಕಡೆ ಮೇಡಂ ಎಷ್ಟು ನಕ್ಕರೆಂದರೆ ಮೈದಾನದ ಅರ್ಧ ಜನಕ್ಕೆ ಕೇಳಿರಬೇಕು. "ಸರ್‌ಗ ಕೊಡವಾ ಫೋನು" ಎಂದರು. ನಾನು ಬೇಕೆಂದೇ ಬಲಗೈಯಲ್ಲಿ ತೆಗೆದುಕೊಂಡು ಕಿವಿಗೆ ಇಟ್ಟೆ. ನಿಮ್ಮ ಋಣ ಹೇಗೆ ತೀರಿಸಲಿ, ನನ್ನಿಂದ ಹಾಳಾದದ್ದನ್ನು ನೀವು ಸರಿ ಮಾಡಿದಿರಿ ಎಂದೆಲ್ಲ ಹೇಳಬೇಕೆಂದಿದ್ದೆ. ಬಾಯಿ ತೆರೆಯುವುದರೊಳಗೆ ಅವರೇ ಹೇಳಿದರು:

"ಸರ, ಆ ಟಿ.ವಿ. ಒಳಗ ಕಲಿಸಿದ ಮಾಸ್ತರ್ ಎಲ್ಲ್ಯರ ಸಿಕ್ರ ಹೇಳ್ರಿ. ಅವರ ಮ್ಯಾಲಿನ ನನ್ನ ಸಿಟ್ಟು ಇಳದದ ಅಂತ."

ಮೂರು ತಿಂಗಳಿಂದ ಅವರಿಗೆ ಗೊತ್ತಿತ್ತು! ಆದರೂ ಆ ಸಿಟ್ಟನ್ನು ಬಲು ನಿಧಾನಕ್ಕೆ ಇಳಿಸಿದ್ದಾರೆ ನೋಡಿ. ಎಲ್ಲಿಯೂ ಒಂದು ಬುಳುಂಕ್ ಕೇಳಿಸಲಿಲ್ಲ.